ಮರಿಗೆ ಯಾವ ಪೆಟ್ಟಿಗೆ, ಯಾವ ಕಾವು: ಘಟ್ಟದ ಕೆಳಗೊಂದು ಲೆಕ್ಕ, ಮೇಲೊಂದು ಲೆಕ್ಕ

ನಮ್ಮ ಮನೆಯಲ್ಲಿ ಬಟ್ಟೆ ನೆನೆಹಾಕುವ ನೀಲಿ ಟಬ್ಬು ಒಂದಿದೆ. ಎರಡೂವರೆ ಅಡಿ ಅಗಲದ ದುಂಡನೆಯ ಟಬ್ಬು. ಮೊದಲ ಸಲ ಒಂದು ದಿನದ 20 ಗಿರಿರಾಜ ತಳಿಯ ಕೋಳಿಮರಿ ತಂದಾಗ ಅದರಲ್ಲೇ ಹೊಟ್ಟು ಹಾಸಿ, ನಡುಮಧ್ಯಕ್ಕೆ 100 ವ್ಯಾಟಿನ ಬಲ್ಬು ಇಳಿಬಿಟ್ಟಿದ್ದೆ. ಅಂಕೋಲಾದ ಏಪ್ರಿಲ್ ತಿಂಗಳು. ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದು ನೋಡಿದರೆ ಮರಿಗಳೆಲ್ಲ ಟಬ್ಬಿನ ಅಂಚಿಗೆ ಅಂಟಿಕೊಂಡು, ರೆಕ್ಕೆ ಬಿಚ್ಚಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಸಂಜೆಯೊಳಗೆ 7 ಹೋದವು.

ಅದೇ ಟಬ್ಬು, ಅದೇ ಬಲ್ಬು ಆ ವರ್ಷದ ಡಿಸೆಂಬರಿನಲ್ಲಿ ದೇವಿಮನೆ ಘಟ್ಟ ಹತ್ತಿ ತಂಗಿಯ ಮನೆಗೆ ಹೋಯಿತು. ಅವಳನ್ನು ಕೊಟ್ಟಿದ್ದು ಶಿರಸಿಯಿಂದ ಬನವಾಸಿ ರಸ್ತೆಯಲ್ಲಿ ಒಳಗಿರುವ ಒಂದು ಊರಿಗೆ. "ಬಲ್ಬನ್ನ ಮೇಲೆ ಕಟ್ಟು, ಸೆಕೆ ಆಗ್ತದೆ" ಅಂತ ನಾನೇ ಬುದ್ಧಿ ಹೇಳಿ ಕಳಿಸಿದ್ದೆ. ಅವಳು ಮೇಲೆ ಕಟ್ಟಿದಳು. ನಡುರಾತ್ರಿ ಎರಡು ತಾಸು ಕರೆಂಟು ಹೋಯಿತು. ಬೆಳಿಗ್ಗೆ ಫೋನು ಬಂತು: "ಅಣ್ಣಾ, ಎಲ್ಲಾ ಒಂದರ ಮೇಲೊಂದು ಹತ್ತಿ ಗುಪ್ಪೆ ಆಗಿದ್ವು, ಅಡಿಗೆ ಸಿಕ್ಕಿದ್ದು 5 ಸತ್ತಿದ್ದು."

ಒಂದೇ ಸಾಮಾನು ಕೆಳಗೆ ಸುಟ್ಟಿತು, ಮೇಲೆ ಚಳಿಗೆ ಕೊಂದಿತು. ಅಂದಿನಿಂದ ಯಾರಾದರೂ "ಯಾವ ಪೆಟ್ಟಿಗೆ ಒಳ್ಳೇದು, ಎಷ್ಟು ವ್ಯಾಟಿನ ಬಲ್ಬು ಬೇಕು" ಅಂತ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮದು ಘಟ್ಟದ ಮೇಲೋ ಕೆಳಗೋ, ಮರಿ ತರುವುದು ಯಾವ ತಿಂಗಳು? ಅದಾದ ಮೇಲೆ, ಬಿಸಿ ಬೇಡ ಅನ್ನಿಸಿದಾಗ ಮರಿ ಓಡಿಹೋಗುವುದಕ್ಕೆ ಪೆಟ್ಟಿಗೆಯೊಳಗೆ ತಣ್ಣನೆಯ ಜಾಗ ಇದೆಯೋ? ತಾಯಿ ಕೋಳಿಯ ಕೆಳಗಿನ ಮರಿ ಸೆಕೆಯಾದರೆ ಹೊರಗೆ ತಲೆ ಹಾಕುತ್ತದೆ, ಚಳಿಯಾದರೆ ಒಳಗೆ ನುಗ್ಗುತ್ತದೆ. ನಮ್ಮ ಪೆಟ್ಟಿಗೆಯೂ ಅಷ್ಟು ಮಾಡಿಕೊಟ್ಟರೆ ಸಾಕು. ನನ್ನ ಟಬ್ಬಿನಲ್ಲಿ ಓಡುವುದಕ್ಕೆ ಜಾಗವೇ ಇರಲಿಲ್ಲ.

ಮರಿಗೆ ಬೇಕಾದ ಬಿಸಿಯ ಲೆಕ್ಕ ಎಲ್ಲ ಊರಿಗೂ ಒಂದೇ. ಮೊದಲ ವಾರ 33ರಿಂದ 35 ಡಿಗ್ರಿ ಸೆಲ್ಸಿಯಸ್. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬಂದು 21ರ ಸುಮಾರಿಗೆ ನಿಲ್ಲಿಸಬೇಕು. ಇದು ಬಲ್ಬಿನ ಕೆಳಗೆ, ಮರಿಯ ಬೆನ್ನಿನ ಮಟ್ಟದಲ್ಲಿ, ಅಂದರೆ ಹಾಸಿನಿಂದ ಎರಡು ಇಂಚು ಮೇಲೆ ಅಳೆಯುವ ಬಿಸಿ. ಇಡೀ ಪೆಟ್ಟಿಗೆ ಅಷ್ಟಿರಬೇಕಾಗಿಲ್ಲ, ಇರಲೂಬಾರದು. ಊರಿಂದೂರಿಗೆ ಬದಲಾಗುವುದು ಕೋಣೆಯ ಬಿಸಿ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಕೋಣೆಯೇ 33 ಡಿಗ್ರಿ ಇರುತ್ತದೆ, ಹಗಲು ಬಲ್ಬು ಹಾಕುವುದೇ ದಂಡ. ಡಿಸೆಂಬರ್ ರಾತ್ರಿ ಶಿರಸಿಯಲ್ಲಿ ಹೊರಗೆ 15ರ ಆಸುಪಾಸಿಗೆ ಇಳಿಯುತ್ತದೆ, ಹಂಚಿನ ಮನೆಯೊಳಗೆ ಅದಕ್ಕಿಂತ ಸ್ವಲ್ಪ ಮೇಲು. ಬಲ್ಬು ತುಂಬಬೇಕಾದ ಕೊರತೆ ಇಲ್ಲಿ ಒಂದೆರಡು ಡಿಗ್ರಿ, ಅಲ್ಲಿ ಹದಿನೈದಕ್ಕೂ ಹೆಚ್ಚು.

ಕಾವು ಯಾವುದರಿಂದ

ಮೊದಲು ಆಯಿ ಹೇಳುವುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಊಟ ಇಲ್ಲ. "ತಮಾ, ಕಾವಿಗೆ ಕೂತ ಹೇಂಟೆ ಮನೇಲಿ ಇರೂಕಿರೆ ಬಲ್ಬು ಎಂತಕ್ಕೆ?" ಆಯಿಯ ಮಾತು ಖರೆ. ಊರ ಕೋಳಿಯೊಂದು ಕಾವಿಗೆ ಕೂತಿದ್ದರೆ ಅದಕ್ಕಿಂತ ಒಳ್ಳೆಯ ಬ್ರೂಡರ್, ಅಂದರೆ ಮರಿಗೆ ಕಾವು ಕೊಡುವ ಸಾಮಾನು, ಇಲ್ಲ. ಕರೆಂಟು ಬೇಡ, ಥರ್ಮಾಮೀಟರ್ ಬೇಡ, ಕಾಗೆ ಬಂದರೆ ಎದುರು ನಿಲ್ಲುತ್ತದೆ. ಅಂಗಡಿ ಮರಿಯನ್ನೂ ಅದಕ್ಕೆ ಒಪ್ಪಿಸಬಹುದು. ಕೋಳಿ ಕೂತು ಎರಡು ಮೂರು ವಾರ ಆಗಿರಬೇಕು, ಮರಿ ಒಂದೆರಡು ದಿನದ್ದಿರಬೇಕು. ಕತ್ತಲಾದ ಮೇಲೆ ಒಂದೊಂದೇ ಮರಿಯನ್ನು ಹೊಟ್ಟೆಯಡಿ ಸೇರಿಸಿ, ಇದ್ದ ಮೊಟ್ಟೆ ತೆಗೆದು, ಬೆಳಗಾಗುವ ಮೊದಲೇ ಎದ್ದು ನೋಡಬೇಕು. ಒಪ್ಪಿದ್ದರೆ ಗುಟುಗುಟು ಅನ್ನುತ್ತಿರುತ್ತದೆ. ಒಪ್ಪದಿದ್ದರೆ ಕುಕ್ಕುತ್ತದೆ, ಆಗ ತಡಮಾಡದೆ ಮರಿ ಎತ್ತಬೇಕು. ಒಂದು ಹೇಂಟೆಗೆ 10ರಿಂದ 12 ಮರಿ ಸಾಕು. ತೊಂದರೆ ಏನೆಂದರೆ ಕೋಳಿ ಕಾವಿಗೆ ಕೂರುವುದು ಅದರ ಮರ್ಜಿ, ನಿಮ್ಮ ಮರಿ ಬರುವ ತಾರೀಖಿಗಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ತಯಾರು ಮಾಡಿದ ಗಿರಿರಾಜದಂಥ ತಳಿಗಳನ್ನೇ ಸಾಕಿದ ಮನೆಯಲ್ಲಿ ಕಾವಿಗೆ ಕೂರುವ ಕೋಳಿಯೇ ಸಿಗುವುದಿಲ್ಲ. ಅವು ಮೊಟ್ಟೆ ಇಟ್ಟು ಎದ್ದುಹೋಗುವ ಜಾತಿ.

ಹಾಗಾಗಿ ಹೆಚ್ಚಿನವರಿಗೆ ಬಲ್ಬೇ ಗತಿ. ಇಲ್ಲಿ ಮೊದಲ ಎಡವಟ್ಟು ಆಗುವುದು ಅಂಗಡಿಯಲ್ಲಿ. ಈಗ ಬಲ್ಬು ಕೊಡಿ ಎಂದರೆ ಎಲ್‌ಇಡಿ ಕೊಡುತ್ತಾರೆ. ಅದರಲ್ಲಿ ಬೆಳಕಿದೆ, ಮರಿಗೆ ಸಾಲುವಷ್ಟು ಬಿಸಿ ಇಲ್ಲ. ನಮಗೆ ಬೇಕಾದ್ದು ಒಳಗೆ ತಂತಿ ಕಾಣುವ ಹಳೆಯ ಹಳದಿ ಬಲ್ಬು. ಅದು ತಿನ್ನುವ ಕರೆಂಟಿನಲ್ಲಿ 100ಕ್ಕೆ 90 ಪಾಲಿಗೂ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ. ಬೆಳಕಿಗೆ ಅದು ದಂಡ ಎಂದು ಮನೆಯಿಂದ ಓಡಿಸಿದೆವು, ಮರಿ ಸಾಕುವಾಗ ಅದೇ ಗುಣ. ಸಣ್ಣ ಪೇಟೆಗಳ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಹುಡುಕಿದರೆ ಇನ್ನೂ 40, 60, 100 ವ್ಯಾಟಿನವು ಸಿಗುತ್ತವೆ. ಸಿಕ್ಕಾಗ ಎರಡು ಹೆಚ್ಚಿಗೆ ತಂದಿಡಿ.

ಮರಿಯೊಂದಕ್ಕೆ 2 ವ್ಯಾಟ್ ಎಂಬುದು ಫಾರಂ ಮಾಡುವವರ ಲೆಕ್ಕ. ನೂರಾರು ಮರಿ ಒಟ್ಟಿಗಿದ್ದರೆ ಅವುಗಳ ಮೈಶಾಖವೇ ಅರ್ಧ ಕೆಲಸ ಮಾಡುತ್ತದೆ. ನಮ್ಮ ಹತ್ತು ಇಪ್ಪತ್ತು ಮರಿಗೆ ಆ ಲೆಕ್ಕ ಸಾಲದು. ಕರಾವಳಿಯಲ್ಲಿ ಮಳೆಗಾಲಕ್ಕೆ 20 ಮರಿಗೆ 60 ವ್ಯಾಟು, ಶಿರಸಿ ಸಿದ್ದಾಪುರ ಯಲ್ಲಾಪುರದ ಕಡೆ ಚಳಿಗಾಲಕ್ಕೆ 60ರದ್ದು ಎರಡು. ಇದು ನಾನು, ತಂಗಿ ಸೋತು ಕಲಿತ ಲೆಕ್ಕ. 100ರ ಒಂದು ಬಲ್ಬಿಗಿಂತ ಸಣ್ಣವು ಎರಡಿದ್ದರೆ ಒಳ್ಳೆಯದು ಎಂಬುದಕ್ಕೆ ಬೇರೆ ಕಾರಣವೂ ಇದೆ. ಒಂದು ರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಉರಿಯುತ್ತಿರುತ್ತದೆ. ಸೆಕೆಯಾದರೆ ಒಂದನ್ನು ಆರಿಸಬಹುದು.

ಇನ್‌ಫ್ರಾರೆಡ್ ಬಲ್ಬು, ಕೆಂಪನೆಯ ದೊಡ್ಡ ಮೂತಿಯದು, ಅಂಗಡಿಯವರು ಮೊದಲು ತೋರಿಸುವುದು ಅದನ್ನೇ. ಕೆಂಪು ಬೆಳಕಿನಲ್ಲಿ ಮರಿಗಳು ಒಂದನ್ನೊಂದು ಕುಕ್ಕುವುದು ಕಡಿಮೆ, ರಾತ್ರಿ ನೆಮ್ಮದಿಯಾಗಿ ಮಲಗುತ್ತವೆ, ಅದು ನಿಜ. ಆದರೆ 250 ವ್ಯಾಟಿನದು ಫಾರಂ ಸಾಮಾನು. ಹಾಸಿನಿಂದ ಒಂದೂವರೆ ಅಡಿ ಎತ್ತರದಲ್ಲಿ ನೇತಾಡಬೇಕು, ಮೇಲೆ ತೆರೆದ ಜಾಗ ಇರಬೇಕು. ರಟ್ಟಿನ ಪೆಟ್ಟಿಗೆಯೊಳಗೆ ಅದನ್ನು ಇಳಿಬಿಟ್ಟವರ ಮನೆಗೆ ನಾನು ರಾತ್ರಿ ಉಳಿಯುವುದಕ್ಕೆ ಹೋಗುವುದಿಲ್ಲ. ಕರೆಂಟಿನ ಲೆಕ್ಕವನ್ನೂ ನೋಡಿ. 250 ವ್ಯಾಟು ದಿನಕ್ಕೆ 6 ಯೂನಿಟ್, ನಾಲ್ಕು ವಾರಕ್ಕೆ 168. 60 ವ್ಯಾಟಿನ ಬಲ್ಬು ಅದೇ ನಾಲ್ಕು ವಾರಕ್ಕೆ ಸುಮಾರು 40. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿರುವ ಮನೆ ನಿಮ್ಮದಾದರೆ ಇದು ಸಣ್ಣ ವಿಷಯವಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದಷ್ಟಕ್ಕಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. 20 ಮರಿಗಾಗಿ ಆ ಖರ್ಚು ನನಗೆ ಒಪ್ಪಿಗೆ ಇಲ್ಲ. ಶಿರಸಿಯ ಕಡೆ ಜನವರಿಯಲ್ಲಿ 50ಕ್ಕೂ ಹೆಚ್ಚು ಮರಿ ಎಬ್ಬಿಸುವವರು ಮಾತ್ರ ಇದನ್ನು ಯೋಚಿಸಲಿ. ಯೋಚಿಸಿದರೆ ಹೋಲ್ಡರ್ ಪಿಂಗಾಣಿಯದೇ ಇರಲಿ. ಇವು ಸಾಮಾನ್ಯವಾಗಿ ತಿರುಪಿನ ಬಲ್ಬುಗಳು, ಮನೆಯ ಪಿನ್ನಿನ ಹೋಲ್ಡರಿಗೆ ಕೂರುವುದಿಲ್ಲ. ವೈರಿನಿಂದ ನೇತುಹಾಕಬೇಡಿ, ಸರಪಳಿಯಿಂದ ಕಟ್ಟಿ, ಅದರ ಜೊತೆಗೆ ಬೇರೆ ಒಂದು ತಂತಿಯನ್ನೂ ಕಟ್ಟಿ. ಒಂದು ಬಿಟ್ಟರೆ ಇನ್ನೊಂದು ಹಿಡಿಯಬೇಕು. ಒಡೆಯದ ಬಲ್ಬು ಎಂದು ಹೊರಮೈಗೆ ಟೆಫ್ಲಾನ್ ಲೇಪ ಹಾಕಿದವು ಬರುತ್ತವೆ, ಅವು ಬೇಡವೇ ಬೇಡ. ಕಾದಾಗ ಬರುವ ಆವಿ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿಗಳನ್ನು ಕೊಲ್ಲುತ್ತದೆ. ಅದೇ ಕಾರಣಕ್ಕೆ ಮರಿ ಪೆಟ್ಟಿಗೆ ಅಡುಗೆಮನೆಯಲ್ಲೂ ಬೇಡ, ನಾನ್‌ಸ್ಟಿಕ್ ಕಾವಲಿ ಒಲೆಯ ಮೇಲೆ ಖಾಲಿ ಕಾದರೆ ಅಷ್ಟೇ ಸಾಕು.

ಬೆಳಕಿಲ್ಲದ ಸೆರಾಮಿಕ್ ಹೀಟರ್ ಮತ್ತು ಮೇಜಿನಂತೆ ಕಾಲಿರುವ ಬಿಸಿ ಹಲಗೆ ಆನ್‌ಲೈನಿನಲ್ಲಿ ಸಿಗುತ್ತವೆ. ಸೆರಾಮಿಕ್ ಹೀಟರಿನ ಗುಣ ಎಂದರೆ ರಾತ್ರಿ ಕತ್ತಲಿರುತ್ತದೆ. ದೋಷವೂ ಅದೇ, ಉರಿಯುತ್ತಿದೆಯೋ ಸುಟ್ಟುಹೋಗಿದೆಯೋ ಕಣ್ಣಿಗೆ ಕಾಣುವುದಿಲ್ಲ. ಬಿಸಿ ಹಲಗೆ ನನಗೆ ಹಿಡಿಸಿದ ಸಾಮಾನು. ಮರಿ ಅದರಡಿ ನುಗ್ಗಿ ಬೆನ್ನು ತಾಗಿಸಿ ಮಲಗುತ್ತದೆ, ಬೇಡವಾದರೆ ಹೊರಗೆ ಬರುತ್ತದೆ, ಥೇಟ್ ಹೇಂಟೆಯ ಹಾಗೆ. ತಿನ್ನುವ ಕರೆಂಟು ಬಲ್ಬಿಗಿಂತ ಎಷ್ಟೋ ಕಡಿಮೆ. ತೀರಾ ಚಳಿ ದೇಶಗಳಲ್ಲಿ ಇದು ಸಾಲುವುದಿಲ್ಲ ಎನ್ನುತ್ತಾರೆ, ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ಅಷ್ಟು ಚಳಿ ಎಂದೂ ಬೀಳುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ಮರಿ ಎಬ್ಬಿಸುವವರಿಗೆ ಹಾಕಿದ ದುಡ್ಡು ವಾಪಸು ಬರುತ್ತದೆ. ಒಂದೇ ಸಲಕ್ಕಾದರೆ ಬಲ್ಬೇ ಸಾಕು. ಕೆಟ್ಟರೆ ರಿಪೇರಿ ಮಾಡುವವರು ಇಲ್ಲಿ ಸಿಗುವುದು ಕಷ್ಟ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಡಕೆಯಲ್ಲಿ ಕೆಂಡ ಹಾಕಿ ಮೇಲೆ ಬೂದಿ ಮುಚ್ಚಿ ಬುಟ್ಟಿಯ ನಡುವೆ ಇಡುವುದು ಹಿಂದಿನವರ ಕ್ರಮ. ಗಾಳಿಯಾಡುವ ಕೊಟ್ಟಿಗೆಯಲ್ಲಿ ಅದು ನಡೆಯುತ್ತಿತ್ತು. ಕಿಟಕಿ ಮುಚ್ಚಿದ ಈಗಿನ ಕೋಣೆಯಲ್ಲಿ ಕೆಂಡದ ವಿಷಗಾಳಿ ಮರಿಯನ್ನಷ್ಟೇ ಅಲ್ಲ, ಅಲ್ಲೇ ಮಲಗಿದವರನ್ನೂ ತೆಗೆಯುತ್ತದೆ. ಬೇಡ.

ಕರೆಂಟು ಹೋದರೆ

ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಮರಿ ತರುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಒಂದು ಗಾಳಿಗೆ ಮರ ಬಿದ್ದರೆ ಕರೆಂಟು ಬರುವುದು ಮರುದಿನ, ಒಳಗಿನ ಹಳ್ಳಿಗಳಲ್ಲಿ ಅದಕ್ಕೂ ಮರುದಿನ. ಇನ್ವರ್ಟರ್ ಇದ್ದರೆ ಚಿಂತೆ ಅರ್ಧ ಕಡಿಮೆ. 150 ಆಂಪಿಯರ್ ಅವರಿನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇರುತ್ತದೆ. ಪೂರ್ತಿ ಹಿಂಡುವುದಕ್ಕಾಗುವುದಿಲ್ಲ, ಹಳೆಯ ಬ್ಯಾಟರಿಯಾದರೆ ಇನ್ನೂ ಕಡಿಮೆ. ಆದರೂ 60 ವ್ಯಾಟಿನ ಒಂದೇ ಬಲ್ಬಾದರೆ, ಫ್ಯಾನು ಟಿವಿ ಆರಿಸಿಟ್ಟರೆ ಒಂದು ರಾತ್ರಿ ಧಾರಾಳ ದಾಟುತ್ತದೆ. 250ರ ಬಲ್ಬು ಅರ್ಧ ರಾತ್ರಿಗೇ ಬ್ಯಾಟರಿ ಮುಗಿಸಿಬಿಡುತ್ತದೆ.

ಇನ್ವರ್ಟರ್ ಇಲ್ಲದ ತಂಗಿ ಮನೆಯ ಉಪಾಯ ನನಗೆ ಅದಕ್ಕಿಂತ ಇಷ್ಟ. ಅಲ್ಲಿ ಬಚ್ಚಲ ಒಲೆಯ ಮೇಲಿನ ಹಂಡೆಯಲ್ಲಿ ನಡುರಾತ್ರಿಯೂ ಬಿಸಿನೀರು ಇರುತ್ತದೆ. ಎರಡು ಸ್ಟೀಲಿನ ಕ್ಯಾನಿಗೆ ನೀರು ತುಂಬಿ, ಬಾಯಿ ಬಿಗಿದು, ಹಳೇ ಪಂಚೆ ಸುತ್ತಿ ಪೆಟ್ಟಿಗೆಯ ಒಂದು ತುದಿಯಲ್ಲಿ ಮಲಗಿಸುತ್ತಾಳೆ. ಪೆಟ್ಟಿಗೆಯ ಆ ಅರ್ಧದ ಮೇಲೆ ಕಂಬಳಿ, ಈ ಅರ್ಧ ತೆರೆದದ್ದು. ಎರಡು ತಾಸಿಗೊಮ್ಮೆ ನೀರು ಬದಲು. ನಿದ್ದೆ ಕೆಡುತ್ತದೆ, ಆದರೆ ಡಿಸೆಂಬರಿನ ಆ ರಾತ್ರಿಯ ನಂತರ ಚಳಿಗೆ ಒಂದು ಮರಿಯೂ ಸತ್ತಿಲ್ಲ. "ಪೆಟ್ಟಿಗೇನೇ ಬಚ್ಚಲ ಒಲೆ ಹತ್ತಿರ ಇಡು" ಅಂತ ಅವಳ ಅತ್ತೆ ಹೇಳಿದ್ದರಂತೆ. ಬೆಚ್ಚಗಿರುವುದೇನೋ ಹೌದು, ಆದರೆ ಹೊಗೆ ಮತ್ತು ಪಸೆ ಎರಡೂ ಮರಿಯ ಪುಪ್ಪುಸಕ್ಕೆ ಆಗದು. ಅತ್ತೆಗೆ ಅದನ್ನು ತಿಳಿಸಿ ಹೇಳಿದ್ದು ಹೇಗೆ ಎಂದು ನಾನು ಕೇಳಿಲ್ಲ.

ಪೆಟ್ಟಿಗೆ

ನಾಲ್ಕು ವಾರದವರೆಗೆ ಮರಿಯೊಂದಕ್ಕೆ ಅರ್ಧ ಚದರಡಿ ಬೇಕು, ಆಮೇಲೆ ಒಂದು ಚದರಡಿ. ನನ್ನ ನೀಲಿ ಟಬ್ಬಿನ ತಳ 5 ಚದರಡಿಯೂ ಇಲ್ಲ, ಅದರಲ್ಲಿ 20 ಮರಿ ತುಂಬಿದ್ದೆ ಎಂದರೆ ತಪ್ಪು ಬಲ್ಬಿನದು ಮಾತ್ರ ಆಗಿರಲಿಲ್ಲ.

ರಟ್ಟಿನ ಪೆಟ್ಟಿಗೆ ಎಲ್ಲರೂ ಮೊದಲು ಹಿಡಿಯುವುದು. ಪುಕ್ಕಟೆ ಸಿಗುತ್ತದೆ, ಫ್ರಿಜ್ಜಿನದೋ ವಾಷಿಂಗ್ ಮಷಿನ್ನಿನದೋ ಆದರೆ ಉದ್ದಕ್ಕೆ ಮಲಗಿಸಿ ಒಂದು ಬದಿ ಕೊಯ್ದರೆ ಜಾಗ ಬೇಕಾದಷ್ಟು. ಬೇಸಿಗೆಯಲ್ಲಿ, ಘಟ್ಟದ ಮೇಲೆ ಚಳಿಗಾಲದಲ್ಲಿ, ಇದು ಬೇರೆ ಯಾವುದಕ್ಕೂ ಕಡಿಮೆಯಲ್ಲ. ರಟ್ಟು ಬಿಸಿ ಹಿಡಿದಿಡುತ್ತದೆ. ಕೆಲಸ ಮುಗಿದ ಮೇಲೆ ತೊಳೆಯುವ ರಗಳೆಯೂ ಇಲ್ಲ, ಗೊಬ್ಬರಗುಂಡಿಗೆ ಎಸೆದರಾಯಿತು. ಕರಾವಳಿಯ ಜೂನ್ ತಿಂಗಳಲ್ಲಿ ಮಾತ್ರ ರಟ್ಟನ್ನು ನಂಬಬೇಡಿ. ನೀರಿನ ಬಟ್ಟಲು ಮಗುಚುವುದೇ ಬೇಡ, ಗಾಳಿಯ ಪಸೆಗೇ ನಾಲ್ಕು ದಿನಕ್ಕೆ ತಳ ಮೆತ್ತಗಾಗಿ, ಎಂಟನೆಯ ದಿನಕ್ಕೆ ಬೂಸಲು ಬರುತ್ತದೆ. ಇಲಿಗೂ ರಟ್ಟು ಒಂದು ತಡೆಯಲ್ಲ.

ಕಾರವಾರದ ಬೈತಖೋಲ, ಬೇಲೆಕೇರಿ, ತದಡಿ, ಬಂದರು ಹತ್ತಿರ ಇದ್ದವರ ಕಣ್ಣು ಬೀಳುವುದು ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ಮೇಲೆ. ಐಸು ಕರಗದ ಹಾಗೆ ಕಾಯುವುದು ಬಿಸಿಯನ್ನೂ ಕಾಯುತ್ತದೆ ಎಂಬ ತರ್ಕ ಸರಿಯೇ. ಆದರೆ ಮರಿಗಳು ಅದನ್ನು ಕುಕ್ಕಿ ಕುಕ್ಕಿ ಬಿಳಿ ಕಾಳು ನುಂಗುತ್ತವೆ. 100 ಡಿಗ್ರಿ ಹತ್ತಿರ ಥರ್ಮೋಕೋಲು ಮೆತ್ತಗಾಗುತ್ತದೆ, 60 ವ್ಯಾಟಿನ ಬಲ್ಬಿನ ಗಾಜು ಅದಕ್ಕೂ ಬಿಸಿ, ತಾಗಿದರೆ ಕರಗಿ ಹೊತ್ತಿಕೊಳ್ಳುತ್ತದೆ. ಮೀನಿನ ವಾಸನೆಗೆ ಊರಿನ ಬೆಕ್ಕೆಲ್ಲ ಬರುವುದು ಬೇರೆ. ಹ್ಯಾಚರಿಯಿಂದ ಮನೆಗೆ ಮರಿ ತರುವ ದಾರಿಗೆ, ಮುಚ್ಚಳಕ್ಕೆ ತೂತು ಹೊಡೆದು ಬಳಸಬಹುದು. ಅದಕ್ಕಿಂತ ಹೆಚ್ಚಿಗೆ ಬೇಡ. ಅದೇ ಬಂದರಿನ ಪ್ಲಾಸ್ಟಿಕ್ ಕ್ರೇಟು ಇದಕ್ಕಿಂತ ವಾಸಿ. ತೊಳೆಯಬಹುದು, ಬದಿಯ ತೂತಿಗೆ ಒಳಗಿನಿಂದ ರಟ್ಟು ಕಟ್ಟಿದರೆ ಗಾಳಿ ನಿಲ್ಲುತ್ತದೆ. ಆದರೆ ಒಂದು ಕ್ರೇಟಿನಲ್ಲಿ ಐದಾರು ಮರಿ, ಅಷ್ಟೇ.

ಪ್ಲೈವುಡ್ಡಿನ ಪೆಟ್ಟಿಗೆ ವರ್ಷಾವರ್ಷ ಮರಿ ಎಬ್ಬಿಸುವವರಿಗೆ. 8 ಅಡಿ ಉದ್ದ 4 ಅಡಿ ಅಗಲದ ಒಂದು ಹಲಗೆಯಲ್ಲಿ 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಆಗಿ ಇನ್ನೂ ತುಂಡು ಉಳಿಯುತ್ತದೆ. 8 ಚದರಡಿ, 16 ಮರಿಗೆ ಸರಿ. ಇದರ ದೊಡ್ಡ ಲಾಭ ಉದ್ದ. ಬಲ್ಬನ್ನು ಒಂದು ತುದಿಗೆ ಕಟ್ಟಿದರೆ ಇನ್ನೊಂದು ತುದಿ ತಣ್ಣಗಿರುತ್ತದೆ, ನಾನು ಮೊದಲಿಗೆ ಹೇಳಿದ ಓಡುವ ಜಾಗ. ನೀರು, ಆಹಾರ ನಡುವೆ. ಕರಾವಳಿಯವರು ಸಾದಾ ಪ್ಲೈ ತರಬೇಡಿ, ಎರಡು ಮಳೆಗಾಲಕ್ಕೆ ಪದರ ಪದರ ಬಿಚ್ಚುತ್ತದೆ. ನೀರು ತಡೆಯುವ ಜಾತಿಯದೇ ಕೇಳಿ, ಇಲ್ಲವೆಂದರೆ ಅಟ್ಟದ ಮೇಲೆ ಬಿದ್ದಿರುವ ಹಳೆ ಬಾಗಿಲು ಹಲಗೆ ಕೊಯ್ಸಿ. ಪಾಲಿಶ್ ಹಚ್ಚಿದ್ದರೆ ವಾಸನೆ ಹೋಗುವವರೆಗೆ ಮರಿ ಬಿಡಬೇಡಿ. ನಾಲ್ಕು ಮೂಲೆಗೂ ರಟ್ಟಿನ ತುಂಡನ್ನು ಬಾಗಿಸಿ ನಿಲ್ಲಿಸಿ. ಮೂಲೆ ಇದ್ದಲ್ಲಿ ಮರಿ ಗುಪ್ಪೆಯಾಗುತ್ತದೆ.

ಮೂಲೆಯೇ ಇಲ್ಲದ ಕ್ರಮ ಎಂದರೆ ಬಳೆ. ಒಂದು ಒಂದೂವರೆ ಅಡಿ ಎತ್ತರದ ತಗಡನ್ನೋ ಬಿದಿರಿನ ತಟ್ಟಿಯನ್ನೋ ದುಂಡಗೆ ಸುತ್ತಿ ನೆಲದ ಮೇಲೆ ನಿಲ್ಲಿಸುವುದು. ಖಾಲಿ ಕೋಣೆ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನಾಲ್ಕಡಿ ಅಗಲದ ಬಳೆಯಲ್ಲಿ 12 ಚದರಡಿ ಸಿಗುತ್ತದೆ, ಮರಿ ಬೆಳೆದಂತೆ ಹಿಗ್ಗಿಸಬಹುದು. ಕರಾವಳಿಗೆ ತಟ್ಟಿ, ಗಾಳಿಯಾಡುತ್ತದೆ. ಶಿರಸಿ ಚಳಿಗೆ ತಗಡು, ಇಲ್ಲವೆಂದರೆ ತಟ್ಟಿಗೇ ಹೊರಗಿನಿಂದ ಗೋಣಿತಾಟು. ನೆಲ ಸಿಮೆಂಟಿನದಾದರೆ ಅಡಿಗೆ ಎರಡು ಪದರ ಗೋಣಿ ಹಾಸಿ ಮೇಲೆ ಹೊಟ್ಟು. ತಂಪು ಮೇಲಿನಿಂದ ಬರುವುದಕ್ಕಿಂತ ಹೆಚ್ಚು ನೆಲದಿಂದ ಬರುತ್ತದೆ.

ಮುಚ್ಚಳ ಯಾವುದಕ್ಕಾದರೂ ಬೇಕು, ಅರ್ಧ ಇಂಚಿನ ತಂತಿ ಜಾಲರಿ. ಕೋಳಿಗೂಡಿಗೆ ಹಾಕುವ ಆರು ಮೂಲೆಯ ದೊಡ್ಡ ಕಣ್ಣಿನ ಬಲೆ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು, ಸಣ್ಣ ಹಾವನ್ನು ಹೊರಗಿಡುವುದಿಲ್ಲ. ಹೆಗ್ಗಣ, ಕೇರೆ ಹಾವು, ಬೆಕ್ಕು, ಮೂರೂ ನಮ್ಮ ಮನೆಗೆ ಬಂದು ಹೋಗಿವೆ. ಮಳೆಗಾಲಕ್ಕೆ ಮೇಲಿನಿಂದ ಪ್ಲಾಸ್ಟಿಕ್ ಹೊದಿಸುವವರಿದ್ದಾರೆ, ಒಳಗಿನ ಪಸೆ ಹೊರಗೆ ಹೋಗದೆ ಹನಿ ಹನಿಯಾಗಿ ಮರಿ ಮೇಲೇ ಬೀಳುತ್ತದೆ.

ಹಾಸು

ಇದರಲ್ಲಿ ಹೋಲಿಸುವುದಕ್ಕೆ ಹೆಚ್ಚೇನಿಲ್ಲ, ಭತ್ತದ ಹೊಟ್ಟು ಗೆಲ್ಲುತ್ತದೆ. ಎರಡು ಮೂರು ಇಂಚು ದಪ್ಪಕ್ಕೆ ಹಾಸಿ. ರೈಸ್ ಮಿಲ್ಲಿನಿಂದ ಮೇ ತಿಂಗಳಲ್ಲೇ ತಂದು ಬಿಸಿಲಿಗೆ ಹಾಕಿ ಚೀಲ ಕಟ್ಟಿಡಿ, ಜೂನಿನಲ್ಲಿ ತಂದರೆ ಅದು ಹಸಿಯೇ. ಮರದ ಮಿಲ್ಲಿನ ನುಣ್ಣನೆ ಹುಡಿಯನ್ನು ಮರಿ ಆಹಾರವೆಂದು ತಿನ್ನುತ್ತದೆ, ಧೂಳೂ ಹೌದು. ಬಡಗಿ ಕೀಸಿದಾಗ ಬರುವ ಸುರುಳಿ ಸಿಪ್ಪೆ ಆಗಬಹುದು. ಘಟ್ಟದ ಮೇಲೆ ಪುಕ್ಕಟೆ ಇರುವ ಅಡಿಕೆ ಸಿಪ್ಪೆ ಚೆನ್ನಾಗಿ ಒಣಗಿದ್ದರೆ, ಕೊಚ್ಚಿ ಹಾಕಿದರೆ ನಡೆಯುತ್ತದೆ. ಕೊಟ್ಟಿಗೆಗೆ ಹಾಕುವ ದರಕು, ಅಂದರೆ ಒಣ ಎಲೆ, ಬೇಡ, ಅದರ ಬೂಸಲು ಮರಿಯ ಉಸಿರಿಗೆ ಹೋಗುತ್ತದೆ. ಸಮುದ್ರದ ಮರಳು ಅಂತ ಕೇಳುತ್ತಾರೆ, ಅದರ ಉಪ್ಪು ಗಾಳಿಯ ಪಸೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಮಳೆಗಾಲವಿಡೀ ಒಣಗುವುದಿಲ್ಲ.

ಮೊದಲೆರಡು ದಿನ ಮರಿಗೆ ಹೊಟ್ಟು ಯಾವುದು ಕಾಳು ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಮೇಲೆ ಪೇಪರ್ ಹಾಸಿ ಎನ್ನುತ್ತಾರೆ. ಪೇಪರ್ ಜಾರುತ್ತದೆ, ಜಾರಿ ಜಾರಿ ಕಾಲು ಎರಡೂ ಬದಿಗೆ ಸೀಳಿಕೊಂಡ ಮರಿ ಆಮೇಲೆ ನಿಲ್ಲುವುದೇ ಇಲ್ಲ. ನಾನು ಹಳೆಯ ಹತ್ತಿ ಪಂಚೆ ಹಾಸುತ್ತೇನೆ, ಅದರ ಮೇಲೆಯೇ ನುಚ್ಚು ಚೆಲ್ಲುತ್ತೇನೆ.

ಹಾಸು ಹಸಿಯಾಗಿದೆಯೋ ಎಂದು ನಿಂತು ನೋಡಬೇಡಿ. ಮೊಣಕಾಲೂರಿ, ಮೂಗನ್ನು ಮರಿಯ ತಲೆಯ ಮಟ್ಟಕ್ಕೆ ತನ್ನಿ. ಕಣ್ಣು ಚುರ್ ಎನ್ನುವಂತಿದ್ದರೆ ಮರಿ ಇಡೀ ದಿನ ಅದನ್ನೇ ಕುಡಿಯುತ್ತಿದೆ ಎಂದರ್ಥ. ಒದ್ದೆಯಾದಷ್ಟು ಜಾಗದ ಹೊಟ್ಟು ತೆಗೆದು ಹೊಸದು ಹಾಕಿ. ಮೂರು ವಾರದ ನಂತರ ಹಿಕ್ಕೆಯಲ್ಲಿ ರಕ್ತ ಕಂಡು, ಮರಿ ರೆಕ್ಕೆ ಇಳಿಬಿಟ್ಟು ಕೂತರೆ ಅದು ಕಾಕ್ಸಿಡಿಯೋಸಿಸ್, ಹಸಿ ಹಾಸಿನ ಕಾಯಿಲೆ. ಕರಾವಳಿಯ ಮಳೆಗಾಲದಲ್ಲಿ ಚಳಿಗಿಂತ ಹೆಚ್ಚು ಮರಿ ಇದರಿಂದ ಹೋಗುವುದನ್ನು ನಾನು ನೋಡಿದ್ದೇನೆ. ಅದೇ ದಿನ ಪಶು ಆಸ್ಪತ್ರೆಗೆ ಹೋಗಿ ನೀರಿನಲ್ಲಿ ಹಾಕುವ ಔಷಧ ತನ್ನಿ. ಅಲ್ಲಿಗೆ ಹೇಗೂ 5ರಿಂದ 7ನೇ ದಿನದೊಳಗೆ ರಾಣಿಕೇತ್ ಕಾಯಿಲೆಯ ಲಸಿಕೆಗೆ ಹೋಗಬೇಕು. ಒಂದು ಬಾಟಲಿಯಲ್ಲಿ ನೂರು ಮರಿಗಾಗುವಷ್ಟು ಇರುತ್ತದೆ, ತೆರೆದ ಮೇಲೆ ಇಡುವ ಹಾಗಿಲ್ಲ. ಕೇರಿಯ ನಾಲ್ಕು ಮನೆಯವರು ಒಂದೇ ವಾರ ಮರಿ ತಂದರೆ ಎಲ್ಲರಿಗೂ ಅನುಕೂಲ.

ನೀರಿನದು ಸಣ್ಣ ಮಾತು. ತೆರೆದ ಬಟ್ಟಲಲ್ಲಿ ಮರಿ ಮುಳುಗಿ ಸಾಯುತ್ತದೆ. ಒಂದು ಲೀಟರಿನ ಮಗುಚಿಡುವ ಪ್ಲಾಸ್ಟಿಕ್ ನೀರಿನ ಡಬ್ಬಿ ತಂದರೆ ಆಯಿತು, ಇಲ್ಲವಾದರೆ ಗೆರಟೆಯಲ್ಲಿ ಬೆಣಚುಕಲ್ಲು ತುಂಬಿ ನಡುವೆ ನೀರು. ವಾರದ ಮೇಲೆ ಒಂದು ಹಂಚಿನ ತುಂಡಿನ ಮೇಲೆ ಎತ್ತರಿಸಿ, ಹೊಟ್ಟು ಕೆದರಿ ನೀರಿಗೆ ತುಂಬುವುದು ನಿಲ್ಲುತ್ತದೆ.

ಹಾಗಾದರೆ ನಾನೇನು ಮಾಡುತ್ತೇನೆ

ಕರಾವಳಿಯಲ್ಲಿ ಮರಿ ತರುವುದಕ್ಕೆ ನನ್ನ ಮಟ್ಟಿಗೆ ನವೆಂಬರ್ ಒಳ್ಳೆಯದು. ಮಳೆ ಬಿಟ್ಟಿರುತ್ತದೆ, ಹೊಸ ಹೊಟ್ಟು ಬರುತ್ತಿರುತ್ತದೆ. ತಟ್ಟಿಯ ಬಳೆ, 60 ವ್ಯಾಟಿನ ಒಂದು ಬಲ್ಬು, ಎರಡನೆಯ ವಾರದಿಂದ ರಾತ್ರಿ ಮಾತ್ರ. ಮಳೆಗಾಲಕ್ಕೇ ತರಬೇಕೆಂದರೆ ನೆಲದ ಮೇಲೆ ಬೇಡ, ಪ್ಲೈ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಕಾಲಿನಡಿ ನೀರು ತುಂಬಿದ ಡಬ್ಬಿ ಇಡಿ, ಇರುವೆ ಹತ್ತುವುದಿಲ್ಲ. ಜಗಲಿಯಲ್ಲಿ ಇಡಬೇಡಿ, ಇರಚಲು ಹೊಡೆಯುತ್ತದೆ. ತಂಗಿ ಈಗ ಫೆಬ್ರವರಿ ಕೊನೆಗೆ ತರುತ್ತಾಳೆ. ಫ್ರಿಜ್ಜಿನ ರಟ್ಟು, 60ರ ಎರಡು ಬಲ್ಬು ಒಂದೇ ತುದಿಗೆ, ಪಕ್ಕದಲ್ಲಿ ಕ್ಯಾನು ತಯಾರು. ನೀಲಿ ಟಬ್ಬು ಬಟ್ಟೆ ನೆನೆಹಾಕುವುದಕ್ಕೆ ವಾಪಸು ಬಂದಿದೆ.

ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳನ್ನು ಮಕ್ಕಳ ಹಟಕ್ಕೆ ತಂದವರಿಗೆ ಒಂದು ಮಾತು. ಅವು ಹೆಚ್ಚಾಗಿ ಮೊಟ್ಟೆ ಕೋಳಿಯ ಹ್ಯಾಚರಿ ಬೇಡವೆಂದ ಗಂಡುಮರಿಗಳು. ಮೊಟ್ಟೆ ಕಾಯಬೇಡಿ. ಅವಕ್ಕೂ ಕಾವು ಬೇಕು, ದಾರಿಯ ಗಾಳಿಗೆ ಆಗಲೇ ನಡುಗುತ್ತಿರುತ್ತವೆ. ಮನೆಗೆ ಬಂದ ತಕ್ಷಣ ಬಲ್ಬಿನಡಿ ಬಿಟ್ಟು, ಕೊಕ್ಕು ಅದ್ದಿಸಿ ಸ್ವಲ್ಪ ಬೆಲ್ಲದ ನೀರು ಕುಡಿಸಿ.

ಥರ್ಮಾಮೀಟರ್ ಇರಲಿ, ಆದರೆ ಮರಿಯನ್ನು ನೋಡಿ. ಬಲ್ಬಿನಡಿ ಗುಂಪು ಕಟ್ಟಿ ಚಿಂವ್ ಚಿಂವ್ ಎಂದು ಕೂಗುತ್ತಿದ್ದರೆ ಚಳಿ. ದೂರ ಹೋಗಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯ ಯಾವುದೋ ಸಂದಿಯಿಂದ ಗಾಳಿ ಬರುತ್ತಿದೆ. ಅಲ್ಲಲ್ಲಿ ಚದುರಿ ಮಲಗಿ, ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರೆ ನೀವೂ ಹೋಗಿ ಮಲಗಬಹುದು.

ಮೈತುಂಬ ಗರಿ ಬರುವುದು ಐದಾರು ವಾರಕ್ಕೆ. ನಮ್ಮಲ್ಲಿ ಬೇಸಿಗೆಯ ಮರಿಯನ್ನು ನಾಲ್ಕನೆಯ ವಾರಕ್ಕೇ ಗೂಡಿಗೆ ಹಾಕುತ್ತೇವೆ, ತಂಗಿ ಆರು ವಾರ ಕಾಯುತ್ತಾಳೆ. ಅದಕ್ಕೂ ಮೊದಲು ಒಂದು ವಾರ ರಾತ್ರಿಯೂ ಬಲ್ಬು ಆರಿಸಿಟ್ಟು ರೂಢಿ ಮಾಡಿಸಬೇಕು. ಗೂಡಿಗೆ ಬಿಟ್ಟ ಮೊದಲ ಮೂರು ನಾಲ್ಕು ಸಂಜೆ ಅವು ತಾವಾಗಿ ಒಳಗೆ ಹೋಗುವುದಿಲ್ಲ. ಕತ್ತಲಾಗುವಾಗ ಹಳೆಯ ಪೆಟ್ಟಿಗೆ ಇದ್ದ ಕೋಣೆಯ ಬಾಗಿಲಿಗೆ ಬಂದು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ, ಎರಡೆರಡೇ ಎತ್ತಿಕೊಂಡು ಹೋಗಿ ಗೂಡಿಗೆ ಬಿಡಬೇಕು.